ಪೂರ್ವಭೂತವೋ ಪೂರ್ಣಭೂತವೋ: ಇಂಗ್ಲಿಷಿನ ಒಂದು ಕ್ರಿಯಾರೂಪ ಮತ್ತು ನಮ್ಮ ಸಂಶೋಧನ ಬರವಣಿಗೆ

ಹೊರನಾಡಿನಲ್ಲಿದ್ದು ಕನ್ನಡದಲ್ಲಿ ಸಂಶೋಧನೆ ನಡೆಸುವವರು ಬಹುಮಟ್ಟಿಗೆ ಎರಡು ಭಾಷೆಗಳಲ್ಲಿ ಬರೆಯಬೇಕಾಗುತ್ತದೆ. ಪ್ರಬಂಧ ಕನ್ನಡದಲ್ಲಿದ್ದರೂ ಸಾರಾಂಶವನ್ನು ಇಂಗ್ಲಿಷಿನಲ್ಲಿ ಕೊಡಬೇಕು. ವಿಚಾರಗೋಷ್ಠಿಯಲ್ಲಿ ತಮಿಳು, ಮರಾಠಿ, ಹಿಂದಿ ವಿದ್ವಾಂಸರೆದುರು ವಚನವನ್ನೋ ಷಟ್ಪದಿಯನ್ನೋ ಕುರಿತು ಮಾತನಾಡುವಾಗ ಇಂಗ್ಲಿಷನ್ನೇ ಅವಲಂಬಿಸಬೇಕು. ಇಂಥ ಬರವಣಿಗೆಯನ್ನು ಓದುವ, ತಿದ್ದುವ ಕೆಲಸ ನಮ್ಮ ಪಾಲಿಗೆ ಅನೇಕ ವರ್ಷಗಳಿಂದ ಬಂದಿದೆ. ಅದರಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕೊಂದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ಇಂಗ್ಲಿಷ್ ವ್ಯಾಕರಣದಲ್ಲಿ ಪಾಸ್ಟ್ ಪರ್ಫೆಕ್ಟ್ ಎಂದು ಹೆಸರಾದ, 'ಹ್ಯಾಡ್' ಎಂಬ ಸಹಾಯಕ ಕ್ರಿಯಾಪದದಿಂದ ಗುರುತಿಸಬಹುದಾದ ರೂಪದ ಬಳಕೆಯೇ ಆ ತೊಡಕು. ಇದು ಶಾಲೆಯ ವ್ಯಾಕರಣಕ್ಕೆ ಸೇರಿದ ಸಣ್ಣ ವಿಷಯವೆಂದು ತೋರಬಹುದು. ಆದರೆ ಒಂದು ಶಾಸನದ ಅರ್ಥ, ಒಂದು ಕಾದಂಬರಿಯ ನೈತಿಕ ಸಮಸ್ಯೆ, ಹಿಂದಿನ ವಿದ್ವಾಂಸರೊಬ್ಬರ ಅಭಿಪ್ರಾಯದ ಸ್ಥಾನಮಾನ ಇವೆಲ್ಲ ಈ ಒಂದು ಪದದಿಂದ ಪಲ್ಲಟಗೊಳ್ಳುವುದನ್ನು ಕಂಡಿರುವುದರಿಂದ ಇದನ್ನು ಸಣ್ಣದೆಂದು ಬದಿಗಿಡುವುದು ನಮಗೆ ಸಾಧ್ಯವಾಗಿಲ್ಲ.

ಮೊದಲು ಹೆಸರನ್ನು ನೋಡೋಣ. ಲ್ಯಾಟಿನ್ ವ್ಯಾಕರಣಕಾರರು ಮುಗಿದ ಕ್ರಿಯೆಯನ್ನು ಪರ್ಫೆಕ್ಟುಮ್ ಎಂದರು. ಅದಕ್ಕಿಂತಲೂ ಹಿಂದಿನದನ್ನು ಪ್ಲೂಸ್ ಕ್ವಾಮ್ ಪರ್ಫೆಕ್ಟುಮ್, ಎಂದರೆ ಮುಗಿದುದಕ್ಕಿಂತ ಹೆಚ್ಚಿನದು, ಎಂದರು. ಇಂಗ್ಲಿಷಿನ ಪ್ಲೂಪರ್ಫೆಕ್ಟ್ ಎಂಬ ಹಳೆಯ ಹೆಸರು ಬಂದದ್ದು ಅಲ್ಲಿಂದ. ನಮ್ಮ ಶಾಲಾಪುಸ್ತಕಗಳು ಇದಕ್ಕೆ ಪೂರ್ಣ ಭೂತಕಾಲ ಎಂಬ ಹೆಸರನ್ನು ಕೊಟ್ಟವು. 'ಪರ್ಫೆಕ್ಟ್' ಎಂಬುದಕ್ಕೆ 'ಪೂರ್ಣ' ಎಂಬುದು ಶಬ್ದಶಃ ಸರಿಯಾದ ಅನುವಾದವೇ. ಆದರೆ ಅನಾಹುತದ ಮೂಲವೂ ಅದೇ ಎಂದು ನಮಗೆ ತೋರುತ್ತದೆ. ಪೂರ್ಣ ಎಂದೊಡನೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಮೂಡುವುದು 'ಸಂಪೂರ್ಣವಾಗಿ ಮುಗಿದದ್ದು' ಎಂಬ ಕಲ್ಪನೆ. ಆದ್ದರಿಂದ ಯಾವ ಕೆಲಸ ನಿಸ್ಸಂದೇಹವಾಗಿ ಮುಗಿದಿದೆಯೋ, ಯಾವುದು ಬಹಳ ಹಿಂದೆ ನಡೆದಿದೆಯೋ ಅದಕ್ಕೆಲ್ಲ 'ಹ್ಯಾಡ್' ಹಚ್ಚುವುದು ಯುಕ್ತವೆಂದು ಅವನು ಭಾವಿಸುತ್ತಾನೆ. ಪಂಪ ಹತ್ತನೆಯ ಶತಮಾನದವನಾದ್ದರಿಂದ ಅವನು ಕಾವ್ಯವನ್ನು 'ಹ್ಯಾಡ್ ರಿಟನ್'. ಕುವೆಂಪು ನಮಗೆ ಹತ್ತಿರದವರಾದ್ದರಿಂದ ಬರೇ 'ರೋಟ್'! ಇಂಗ್ಲಿಷಿನಲ್ಲಿ ಈ ರೂಪಕ್ಕೂ ಕಾಲದ ದೂರಕ್ಕೂ, ಕೆಲಸದ ಪೂರ್ಣತೆಗೂ ಸಂಬಂಧವಿಲ್ಲ. ಐದು ನಿಮಿಷದ ಹಿಂದಿನ ಘಟನೆಗೂ ಅದು ಸಲ್ಲಬಹುದು. ಸಾವಿರ ವರ್ಷದ ಹಿಂದಿನದಕ್ಕೆ ಅದು ಬೇಡವೇ ಆಗಬಹುದು.

ಅದಕ್ಕೆ ಬೇಕಾದುದು ಬೇರೊಂದು. ತರ್ಕಶಾಸ್ತ್ರಜ್ಞ ಹಾನ್ಸ್ ರೈಶನ್‌ಬಾಖ್ 1947ರಲ್ಲಿ ಪ್ರಕಟಿಸಿದ ತನ್ನ ಸಾಂಕೇತಿಕ ತರ್ಕದ ಗ್ರಂಥದಲ್ಲಿ ಕ್ರಿಯಾಪದದ ಕಾಲವನ್ನು ವಿವರಿಸಲು ಮೂರು ಬಿಂದುಗಳನ್ನು ಕಲ್ಪಿಸಿದ. ಅವನ್ನು ನಾವು ಕನ್ನಡದಲ್ಲಿ ನುಡಿಯ ಹೊತ್ತು, ನಡೆದ ಹೊತ್ತು, ನೋಟದ ಹೊತ್ತು ಎಂದು ಕರೆಯಬಹುದು. 'ನಾನು ನಿಲ್ದಾಣವನ್ನು ತಲುಪುವ ಹೊತ್ತಿಗೆ ರೈಲು ಹೊರಟುಹೋಗಿತ್ತು' ಎಂಬ ವಾಕ್ಯದಲ್ಲಿ ನುಡಿಯ ಹೊತ್ತು ಈಗ. ರೈಲು ಹೊರಟದ್ದು ನಡೆದ ಹೊತ್ತು. ನಾನು ತಲುಪಿದ್ದು ನೋಟದ ಹೊತ್ತು. ನೋಟ ನುಡಿಗಿಂತ ಹಿಂದಿದೆ, ನಡೆದದ್ದು ನೋಟಕ್ಕಿಂತಲೂ ಹಿಂದಿದೆ. ಈ ಮೂರರ ಕ್ರಮವನ್ನು ಸೂಚಿಸುವುದಷ್ಟೇ ಇಂಗ್ಲಿಷಿನ 'ಹ್ಯಾಡ್' ರೂಪದ ಮುಖ್ಯ ಕಾರ್ಯ. ನೋಟದ ಹೊತ್ತು ಇಲ್ಲದಿದ್ದರೆ, ಅಥವಾ ಸಂದರ್ಭದಿಂದಲಾದರೂ ಅದು ಓದುಗನಿಗೆ ದೊರಕದಿದ್ದರೆ, ಆ ರೂಪ ಕಾಲೂರಲು ನೆಲವಿಲ್ಲದಂತಾಗುತ್ತದೆ. ಓಟೋ ಯೆಸ್ಪರ್ಸನ್ ಇದಕ್ಕೂ ಮೊದಲೇ, 1924ರ ತನ್ನ ವ್ಯಾಕರಣ ತತ್ತ್ವದ ಗ್ರಂಥದಲ್ಲಿ, ಭೂತಕ್ಕೂ ಪೂರ್ವದ ಕಾಲವನ್ನು ಪ್ರತ್ಯೇಕವಾಗಿ ಗುರುತಿಸಿದ್ದ. ಅವನ ಕಲ್ಪನೆಗೆ ಸಮೀಪವಾದ 'ಪೂರ್ವಭೂತ' ಎಂಬ ಮಾತೇ ನಮ್ಮಲ್ಲಿ ರೂಢಿಗೆ ಬರುವುದು ಒಳಿತು. ಈ ಲೇಖನದಲ್ಲಿ ಮುಂದೆ ಅದನ್ನೇ ಬಳಸುತ್ತೇವೆ.

ನಮ್ಮ ವ್ಯಾಕರಣ ಪರಂಪರೆ ಈ ರೂಪವನ್ನು ಹೇಗೆ ಕಂಡಿತು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಪಾಣಿನಿಯಲ್ಲಿ ಭೂತಕ್ಕೆ ಮೂರು ಲಕಾರಗಳುಂಟು: ಸಾಮಾನ್ಯ ಭೂತಕ್ಕೆ ಲುಙ್, ಇಂದಿನದಲ್ಲದ ಭೂತಕ್ಕೆ ಲಙ್, ನುಡಿಯುವವನ ಕಣ್ಣಿಗೆ ಬೀಳದ ಭೂತಕ್ಕೆ ಲಿಟ್. ದಿನದ ಗಡಿ ಮತ್ತು ಸಾಕ್ಷಿತ್ವ ಇಲ್ಲಿಯ ಅಳತೆಗೋಲುಗಳು. ಒಂದು ಭೂತವನ್ನು ಇನ್ನೊಂದು ಭೂತದ ಎದುರಿಟ್ಟು ಅಳೆಯುವುದಕ್ಕೆಂದೇ ಮೀಸಲಾದ ಲಕಾರವಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ಈ ಮೂರನ್ನು ಕನ್ನಡದ ಮೇಲೆ ಹೇರಲಿಲ್ಲವೆಂಬುದು ಅವನ ಭಾಷಾಪ್ರಜ್ಞೆಗೆ ಸಾಕ್ಷಿ. ಶಬ್ದಮಣಿದರ್ಪಣದ ಆಖ್ಯಾತ ಪ್ರಕರಣದಲ್ಲಿ ಭೂತಕ್ಕೆ ದಕಾರ, ಭವಿಷ್ಯತ್ತಿಗೆ ವಕಾರ, ವರ್ತಮಾನಕ್ಕೆ ದಪ ಎಂದು ಮೂರೇ ಕಾಲಗಳನ್ನು ಹೇಳಿ ಮುಗಿಸುತ್ತಾನೆ. ಹಾಗಾದರೆ ಹಳಗನ್ನಡದಲ್ಲಿ 'ಬಂದಿರ್ದಂ' ಎಂಬಂಥ ರೂಪವಿರಲಿಲ್ಲವೇ? ಇತ್ತು. ಆದರೆ ಅಲ್ಲಿ 'ಇರ್' ಎಂಬುದು ತನ್ನ ಸ್ವಂತ ಅರ್ಥವನ್ನು ಇನ್ನೂ ಕಳೆದುಕೊಂಡಿರಲಿಲ್ಲ. ಬಂದು ಇರ್ದಂ, ಬಂದು ಉಳಿದನು, ಬಂದ ಸ್ಥಿತಿಯಲ್ಲಿ ನಿಂತನು ಎಂಬುದೇ ಅದರ ಮೊದಲ ಅರ್ಥ. ಅದನ್ನು ಪ್ರತ್ಯೇಕವಾದೊಂದು ಕಾಲವೆಂದು ಎಣಿಸುವ ಅಗತ್ಯ ಕೇಶಿರಾಜನಿಗೆ ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ. 1604ರಲ್ಲಿ ಸಂಸ್ಕೃತ ಸೂತ್ರಗಳಲ್ಲಿ ಕನ್ನಡ ವ್ಯಾಕರಣ ಬರೆದ ಭಟ್ಟಾಕಳಂಕನನ್ನು ದಾಟಿ ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ದೃಶ್ಯ ಬದಲಾಗುತ್ತದೆ. 1817ರಲ್ಲಿ ವಿಲಿಯಂ ಕೇರಿಯ ವ್ಯಾಕರಣ ಬಂದುದು ಮೊದಲ್ಗೊಂಡು ಕನ್ನಡ ಕಲಿಯಬೇಕಾದ ಐರೋಪ್ಯರಿಗಾಗಿ ವ್ಯಾಕರಣಗಳು ರಚನೆಯಾದವು. ಕಲಿಯುವವನ ಭಾಷೆಯ ಚೌಕಟ್ಟಿನಲ್ಲಿ ಕನ್ನಡವನ್ನು ಜೋಡಿಸಿ ತೋರಿಸುವುದು ಅವರ ಉದ್ದೇಶಕ್ಕೆ ತಕ್ಕದ್ದೇ ಆಗಿತ್ತು. ಆದರೆ ಆ ಜೋಡಣೆ ಹಿಂತಿರುಗಿ ಬಂದು, ಕನ್ನಡಿಗನೇ ಇಂಗ್ಲಿಷ್ ಕಲಿಯುವಾಗ 'ಇದ್ದನು ಎಂದರೆ ಹ್ಯಾಡ್' ಎಂಬ ಸಮೀಕರಣವಾಗಿ ಗಟ್ಟಿಗೊಂಡಿತು.

ಈ ಸಮೀಕರಣ ಎಲ್ಲಿ ಮುರಿಯುತ್ತದೆ ಎಂಬುದನ್ನು 'ಹೋಗು' ಧಾತುವಿನಿಂದಲೇ ನೋಡಬಹುದು. 'ನಿನ್ನೆ ಪುಣೆಗೆ ಹೋಗಿದ್ದೆ' ಎಂದು ಕನ್ನಡಿಗ ಹೇಳುತ್ತಾನೆ. ಇದು ಶುದ್ಧ ಕನ್ನಡ. ಇದರಲ್ಲಿ ಒಂದು ಸೂಕ್ಷ್ಮಾರ್ಥವೂ ಇದೆ. 'ಹೋದೆ' ಎಂದರೆ ಹೊರಟದ್ದು ಮಾತ್ರ ತಿಳಿಯುತ್ತದೆ. 'ಹೋಗಿದ್ದೆ' ಎಂದರೆ ಹೋದ ಸ್ಥಿತಿಯಲ್ಲಿ ಸ್ವಲ್ಪ ಹೊತ್ತು ಇದ್ದೆ, ಈಗ ಆ ಸ್ಥಿತಿ ಇಲ್ಲ, ಮರಳಿ ಬಂದಿದ್ದೇನೆ ಎಂಬ ಧ್ವನಿ ಬರುತ್ತದೆ. ಈ ವಾಕ್ಯದಲ್ಲಿ ನೋಟದ ಹೊತ್ತೆಂಬ ಎರಡನೆಯ ಭೂತವಿಲ್ಲ. ಅದು ಬೇಕಾಗಿಯೂ ಇಲ್ಲ. ಕನ್ನಡದ 'ಇದ್ದ' ಅಳೆಯುವುದು ಸ್ಥಿತಿ ನಿಂತಿತ್ತೇ, ತೀರಿತೇ ಎಂಬುದನ್ನು. ಇಂಗ್ಲಿಷಿನ 'ಹ್ಯಾಡ್' ಅಳೆಯುವುದು ಎರಡು ಭೂತಗಳ ಹಿಂದುಮುಂದನ್ನು. ಆದುದರಿಂದ ಮೇಲಿನ ಕನ್ನಡ ವಾಕ್ಯಕ್ಕೆ ಇಂಗ್ಲಿಷಿನಲ್ಲಿ 'ವೆಂಟ್' ಎಂದೋ 'ವಾಸ್ ಇನ್ ಪುಣೆ' ಎಂದೋ ಹೇಳಬೇಕು. 'ಐ ಹ್ಯಾಡ್ ಗಾನ್ ಟು ಪುಣೆ ಯೆಸ್ಟರ್ಡೇ' ಎಂದು ಹೇಳಿ ಸುಮ್ಮನಾದರೆ, ಕೇಳಿದ ಇಂಗ್ಲಿಷಿನವನು 'ಆಮೇಲೇನಾಯಿತು?' ಎಂದು ಕಾಯುತ್ತ ಕೂರುತ್ತಾನೆ.

ಇದನ್ನು ಕನ್ನಡಿಗರ ವಿಶಿಷ್ಟ ದೋಷವೆಂದು ಹಳಿಯುವವರು ಮುಂಬಯಿಯಲ್ಲಿ ಮರಾಠಿಯನ್ನೂ ದಿಲ್ಲಿಯಲ್ಲಿ ಹಿಂದಿಯನ್ನೂ ಚೆನ್ನೈಯಲ್ಲಿ ತಮಿಳನ್ನೂ ಕಿವಿಗೊಟ್ಟು ಕೇಳಬೇಕು. ಮರಾಠಿಯ 'ಗೇಲೋ ಹೋತೋ', ಹಿಂದಿಯ 'ಗಯಾ ಥಾ', ತಮಿಳಿನ 'ಪೋಯಿರುಂದೇನ್' ಇವೆಲ್ಲವೂ ನಿನ್ನೆಯ ಒಂಟಿ ಘಟನೆಗೆ ಯಾವ ಸಂಕೋಚವೂ ಇಲ್ಲದೆ ಒದಗುತ್ತವೆ. ದ್ರಾವಿಡ ಮತ್ತು ಆರ್ಯ ಭಾಷೆಗಳೆರಡೂ ಇಲ್ಲಿ ಒಂದೇ ಕಡೆ ನಿಂತಿವೆ. ಭಾರತವನ್ನು ಒಂದು ಭಾಷಿಕ ಪ್ರದೇಶವೆಂದು 1956ರಲ್ಲಿ ಎಮೆನೋ ಮಂಡಿಸಿದ ವಿಚಾರವನ್ನು ಬಲ್ಲ ನಮ್ಮ ಓದುಗರಿಗೆ ಇದು ಅನಿರೀಕ್ಷಿತವೆನಿಸಲಾರದು. ಭಾರತೀಯರ ಇಂಗ್ಲಿಷಿನಲ್ಲಿ 'ಹ್ಯಾಡ್' ರೂಪ ಅತಿಯಾಗಿ ಕಾಣುವುದಕ್ಕೆ ಅಜ್ಞಾನಕ್ಕಿಂತ ಹೆಚ್ಚಾಗಿ ನಮ್ಮ ಭಾಷೆಗಳ ಈ ಒಮ್ಮತವೇ ಕಾರಣ. ಹೊರನಾಡ ಕನ್ನಡಿಗನಂತೂ ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ಭಾಷೆಯಾಡುತ್ತ ಎರಡು ಕಡೆಯಿಂದಲೂ ಅದೇ ಅಭ್ಯಾಸವನ್ನು ಗಟ್ಟಿಮಾಡಿಕೊಳ್ಳುತ್ತಾನೆ.

ಇಂಗ್ಲಿಷಿಗೂ ಒಂದು ಇತಿಹಾಸವಿದೆ ಎಂಬುದನ್ನು ಇಲ್ಲಿಯೇ ನೆನೆಯಬೇಕು. 'ಹ್ಯಾವ್' ಮೂಲತಃ ಒಡೆತನದ ಪದ. ಹಿಡಿದ ಮೀನನ್ನು ಉಳ್ಳವನಾಗಿದ್ದನು ಎಂಬಂಥ ಹೇಳಿಕೆಯಿಂದ ಮೀನು ಹಿಡಿದಿದ್ದನು ಎಂಬ ಕಾಲಸೂಚಕ ಬೆಳೆಯಿತು. ಚಲನೆಯ ಕ್ರಿಯಾಪದಗಳಿಗೆ ಮಾತ್ರ ಬಹುಕಾಲ 'ಬಿ' ಧಾತುವೇ ಸಲ್ಲುತ್ತಿತ್ತು. ಬಂದಿದ್ದನು ಎಂಬುದಕ್ಕೆ 'ವಾಸ್ ಕಮ್', ಹೋಗಿದ್ದನು ಎಂಬುದಕ್ಕೆ 'ವಾಸ್ ಗಾನ್' ಎಂಬ ಪ್ರಯೋಗಗಳು ಷೇಕ್ಸ್‌ಪಿಯರನ ಕಾಲದ ಓದುಗರಿಗೆ ಸಹಜವಾಗಿದ್ದವು. ಎರಡನೆಯದು ಇಂದಿಗೂ ಬದುಕಿದೆ. ಉಳ್ಳವನಾಗುವುದರ ಬದಲು ಇರುವುದನ್ನೇ ಆಶ್ರಯಿಸಿದ ಈ ಹಳೆಯ ಇಂಗ್ಲಿಷ್ ರೂಪ ನಮ್ಮ 'ಹೋಗಿದ್ದನು' ಎಂಬುದಕ್ಕೆ ಇಂದಿನ 'ಹ್ಯಾಡ್ ಗಾನ್' ಎಂಬುದಕ್ಕಿಂತ ಹತ್ತಿರದ ನೆಂಟ. ನೆಂಟಸ್ತನವೇನೋ ಹಳೆಯದು, ಆದರೆ ಇಂದಿನ ವ್ಯವಹಾರಕ್ಕೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ.

ಹಾಗಾದರೆ ಹಿಂದುಮುಂದನ್ನು ಕನ್ನಡ ಯಾವುದರಿಂದ ತೋರಿಸುತ್ತದೆ? ಮುಖ್ಯವಾಗಿ ಕೃದಂತಾವ್ಯಯದಿಂದ. ಬಂದು, ನೋಡಿ, ಕೇಳಿ, ಎದ್ದು, ಹೋಗಿ ಎಂದು ಅಪೂರ್ಣ ಕ್ರಿಯೆಗಳನ್ನು ಪೋಣಿಸುತ್ತ ಕೊನೆಯಲ್ಲಿ ಒಂದು ಪೂರ್ಣಕ್ರಿಯೆಯನ್ನಿಟ್ಟು ಗಂಟು ಹಾಕುವುದು ಶಾಸನದಿಂದ ಹಿಡಿದು ಜನಪದ ಕತೆಯವರೆಗೆ ಕನ್ನಡ ನಿರೂಪಣೆಯ ಜೀವಾಳ. ಇಲ್ಲಿಯೇ ಅನುವಾದದ ನಿಜವಾದ ಅಪಾಯವಿರುವುದು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ 1886ರಿಂದ ಪ್ರಕಟವಾಗತೊಡಗಿತು; ಮೂಲಪಾಠದ ಜೊತೆಗೆ ಅದರಲ್ಲಿ ಇಂಗ್ಲಿಷ್ ಅನುವಾದವೂ ಇದ್ದುದರಿಂದ ಕನ್ನಡ ಬಾರದ ಇತಿಹಾಸಕಾರರಿಗೂ ಶಾಸನಗಳು ತೆರೆದುಕೊಂಡವು. ಹೊರನಾಡಿನ ಸಂಶೋಧಕರಲ್ಲಿ ಅನೇಕರು ಇಂದಿಗೂ ಶಾಸನವನ್ನು ಅನುವಾದದ ಬಾಗಿಲಿನಿಂದಲೇ ಪ್ರವೇಶಿಸುತ್ತಾರೆ, ತಾವೂ ಅನುವಾದಿಸುತ್ತಾರೆ. ವೀರಗಲ್ಲುಗಳ ರೂಢಿಯ ಮಾತುಗಳನ್ನೇ ಬಳಸಿ ನಾವೇ ಒಂದು ವಾಕ್ಯ ರಚಿಸಿಕೊಳ್ಳೋಣ: 'ಕಳ್ಳರ್ ತುರುಗೊಂಡು ಪೋಗೆ ಬೆನ್ನಟ್ಟಿ ತುರುವಂ ಮಗುಳ್ಚಿ ಕಾದಿ ಸತ್ತಂ.' ಬೆನ್ನಟ್ಟಿ, ಮಗುಳ್ಚಿ, ಕಾದಿ ಎಂಬ ಮೂರೂ ಒಂದೇ ಜಾತಿಯ ರೂಪಗಳು. ಆದರೆ ಮೂರರ ಕಾಲಸಂಬಂಧ ಒಂದೇ ಅಲ್ಲ. ಬೆನ್ನಟ್ಟಿದ ಮೇಲೆ ಮಗುಳ್ಚಿದ್ದು ಸರಿ. 'ಕಾದಿ ಸತ್ತಂ' ಎಂಬಲ್ಲಿಯಾದರೋ ಕಾದಾಟ ಮುಗಿದು ಆಮೇಲೆ ಸತ್ತನೆಂದಲ್ಲ. ಕಾದುತ್ತಲೇ ಸತ್ತನು, ಕಾದಾಟವೇ ಸಾವಿನ ಬಗೆ. 'ನಿಂತು ಮಾತಾಡಿದ' ಎಂದರೆ ನಿಲ್ಲುವುದನ್ನು ಮುಗಿಸಿ ಮಾತಾಡಿದನೆಂದು ಯಾರೂ ತಿಳಿಯುವುದಿಲ್ಲವಷ್ಟೆ.

ಇದನ್ನು ಇಂಗ್ಲಿಷಿಗೆ ತರುವ ಎಳೆಯ ಸಂಶೋಧಕ ಏನು ಮಾಡುತ್ತಾನೆ? ಕೃದಂತಾವ್ಯಯವೆಂದರೆ ಪೂರ್ವಕಾಲ, ಪೂರ್ವಕಾಲವೆಂದರೆ 'ಹ್ಯಾಡ್' ಎಂದು ಲೆಕ್ಕ ಹಾಕಿ 'ಹಿ ಹ್ಯಾಡ್ ಫಾಟ್ ಆ್ಯಂಡ್ ಡೈಡ್' ಎಂದು ಬರೆಯುತ್ತಾನೆ. ಹೋರಾಟ ಒಂದು ದಿನ, ಮರಣ ಇನ್ನೊಂದು ದಿನ ಎಂಬ ಭ್ರಮೆ ಅಲ್ಲಿಂದ ಹುಟ್ಟುತ್ತದೆ. ದತ್ತಿ ಶಾಸನದಲ್ಲಿ ಪರಿಣಾಮ ಇನ್ನೂ ಗಂಭೀರ. 'ಕೆರೆಯಂ ಕಟ್ಟಿಸಿ ದೇಗುಲಮಂ ಮಾಡಿಸಿ ಭೂಮಿಯಂ ಬಿಟ್ಟಂ' ಎಂಬ ಮಾದರಿಯ ವಾಕ್ಯವನ್ನು ತೆಗೆದುಕೊಳ್ಳಿ. ಕೆರೆ, ದೇಗುಲ, ಭೂಮಿ ಮೂರೂ ಒಂದೇ ಪುಣ್ಯಕಾರ್ಯದ ಅಂಗಗಳೆಂದು ಕನ್ನಡ ಹೇಳುತ್ತದೆ. ಕ್ರಮವನ್ನು ಸೂಚಿಸಿದರೂ ಅಂತರವನ್ನು ಹೇಳುವುದಿಲ್ಲ. ಅನುವಾದದಲ್ಲಿ ಭೂದಾನವನ್ನು ಸಾಮಾನ್ಯ ಭೂತದಲ್ಲಿಟ್ಟು ಕೆರೆಯನ್ನು 'ಹ್ಯಾಡ್' ರೂಪಕ್ಕೆ ತಳ್ಳಿದೆವೆನ್ನೋಣ. ಆಗ ಕೆರೆ ಹಿನ್ನೆಲೆಗೆ ಸರಿಯುತ್ತದೆ. ಶಾಸನದ ತಿಥಿಗಿಂತ ಬಹಳ ಮೊದಲೇ ಅದು ಅಲ್ಲಿತ್ತೆಂದು ಓದುಗ ತಿಳಿಯುತ್ತಾನೆ. ಊರಿನ ನೀರಾವರಿಯ ಇತಿಹಾಸ ಬರೆಯುವವನು ಆ ಅನುವಾದವನ್ನೇ ನಂಬಿ ಕೆರೆಯ ಕಾಲವನ್ನು ಹಿಂದಕ್ಕೆ ಒಯ್ಯುತ್ತಾನೆ. ಮೂಲದಲ್ಲಿ ಇಲ್ಲದ ಕಾಲಾಂತರವನ್ನು ಒಂದು ಸಹಾಯಕ ಕ್ರಿಯಾಪದ ಸೃಷ್ಟಿಸಿದಂತಾಯಿತು. ಇಂಥ ಕಡೆ 'ಆ್ಯಂಡ್' ಎಂದು ಜೋಡಿಸಿಕೊಂಡು ಹೋಗುವುದೇ ಮೇಲು. ನೀರಸವೆನಿಸಬಹುದು, ಆದರೆ ಸುಳ್ಳಾಗುವುದಿಲ್ಲ.

'ಆ್ಯಂಡ್' ನೀರಸವೇ ಆಗಬೇಕೆಂದೂ ಇಲ್ಲ. ಹಾಸನದಲ್ಲಿ ಹುಟ್ಟಿದ, ಕನ್ನಡ ಮನೆಮಾತಿನ ರಾಜಾರಾವ್ 1938ರಲ್ಲಿ ಪ್ರಕಟಿಸಿದ 'ಕಾಂತಾಪುರ'ದಲ್ಲಿ ಅಜ್ಜಿಯೊಬ್ಬಳ ಬಾಯಿಂದ ಊರಿನ ಕತೆ ಹೇಳಿಸುವಾಗ ವಾಕ್ಯಕ್ಕೆ ವಾಕ್ಯವನ್ನು 'ಆ್ಯಂಡ್' ಎಂದು ಹೊಸೆಯುತ್ತ ಹೋದರು. ಊರು ಬರಿದಾದ ಮೇಲೆ, ಎಲ್ಲವೂ ಮುಗಿದ ನಂತರ ಹೇಳುವ ಕತೆ ಅದು. ಆದರೂ ಅದರ ನಡೆ ಹಿಂದಕ್ಕೆ ಹೊರಳಿ ನೋಡುವ ನಡೆಯಲ್ಲ, ಮುಂದಕ್ಕೆ ಹರಿಯುವ ನಡೆ. ಕನ್ನಡದ ಕೃದಂತ ಸರಪಳಿಯ ಲಯಕ್ಕೆ ಇಂಗ್ಲಿಷಿನಲ್ಲಿ ದೊರೆತ ಅತ್ಯಂತ ಸಮರ್ಥ ಪ್ರತಿರೂಪ ಇದೆಂದು ನಮ್ಮ ಅಭಿಪ್ರಾಯ.

ಇಷ್ಟು ಹೇಳಿದೊಡನೆ ಕನ್ನಡಕ್ಕೆ ಪೂರ್ವಭೂತವೇ ಇಲ್ಲವೆಂದು ಭಾವಿಸುವುದು ಇನ್ನೊಂದು ತುದಿಗೆ ಹೋದಂತೆ. ಎರಡು ಸಂದರ್ಭಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್ ಪರಸ್ಪರ ತೀರ ಸಮೀಪ ಬರುತ್ತವೆ. ಮೊದಲನೆಯದು ನಿಷೇಧ. 'ನೋಡಲಿಲ್ಲ' ಎಂಬುದಕ್ಕೂ 'ನೋಡಿರಲಿಲ್ಲ' ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಅಕ್ಷರ ಬಾರದ ಕನ್ನಡಿಗನೂ ತಪ್ಪುವುದಿಲ್ಲ. 'ಅಲ್ಲಿಯವರೆಗೆ' ಎಂಬ ನೋಟದ ಹೊತ್ತು ಎರಡನೆಯದರಲ್ಲಿ ಅಡಗಿಯೇ ಇರುತ್ತದೆ. ಎರಡನೆಯದು 'ಆಗು' ಧಾತುವನ್ನು ಕೂಡಿಸಿದ ರೂಪ: ಊಟ ಮಾಡಿಯಾಗಿತ್ತು, ಮಾತು ಕೊಟ್ಟಾಗಿತ್ತು. 'ಅಷ್ಟರಲ್ಲಿ ಆಗಲೇ' ಎಂಬ ಅರ್ಥದಲ್ಲಿ ಇದು ಇಂಗ್ಲಿಷ್ ರೂಪಕ್ಕಿಂತಲೂ ಖಚಿತ.

ಈ ಎರಡು ರೂಪಗಳು ಹೊತ್ತು ನಿಲ್ಲುವ ಭಾರ ಎಷ್ಟೆಂಬುದನ್ನು ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ ಕಾಣಬಹುದು. 1965ರ ಈ ಕಾದಂಬರಿ 1976ರಲ್ಲಿ ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದದ ಮೂಲಕ ಹೊರಜಗತ್ತಿಗೆ ಪರಿಚಿತವಾಯಿತು. ಕತೆ ಆರಂಭವಾಗುವ ಹೊತ್ತಿಗೇ ನಾರಣಪ್ಪ ಸತ್ತಿದ್ದಾನೆ. ಅವನು ಮಾಡಿದ್ದೆಲ್ಲವೂ, ಎಂದರೆ ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟದ್ದು, ಕುಂದಾಪುರದ ಚಂದ್ರಿಯನ್ನು ತಂದಿಟ್ಟುಕೊಂಡದ್ದು, ಸಾಲಿಗ್ರಾಮವನ್ನು ಹೊಳೆಗೆ ಎಸೆದದ್ದು, ಕಥೆಯ ವರ್ತಮಾನಕ್ಕೆ ಹಿಂದಿನ ಸಂಗತಿಗಳು. ನಾರಣಪ್ಪ ಕೃತಿಯ ಉದ್ದಕ್ಕೂ ಪೂರ್ವಭೂತದಲ್ಲಿ ಮಾತ್ರ ಬದುಕಿರುವ ಪಾತ್ರ ಎಂದರೂ ಸಲ್ಲುತ್ತದೆ. ಆದರೆ ಈ ಕೃತ್ಯಗಳಿಗಿಂತ ದೊಡ್ಡದು ಅಗ್ರಹಾರದವರು ಮಾಡದೆ ಹೋದ ಒಂದು ಕೃತ್ಯ. ಮುಸಲ್ಮಾನನಾಗುತ್ತೇನೆಂದು ಬೆದರಿಸಿದ ಅವನನ್ನು ಅವರು ಬಹಿಷ್ಕರಿಸಿರಲಿಲ್ಲ. ಬಹಿಷ್ಕರಿಸಿರಲಿಲ್ಲವಾದ್ದರಿಂದ ಅವನು ಬ್ರಾಹ್ಮಣನಾಗಿಯೇ ಸತ್ತ. ಬ್ರಾಹ್ಮಣನಾಗಿ ಸತ್ತದ್ದರಿಂದ ಅವನ ಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆ ಎದ್ದಿತು. 'ಬಹಿಷ್ಕರಿಸಲಿಲ್ಲ' ಎಂದು ಸಾಮಾನ್ಯ ಭೂತದಲ್ಲಿ ಹೇಳಿದರೆ ಅದು ಅವರ ಅನೇಕ ಅಸಡ್ಡೆಗಳಲ್ಲಿ ಒಂದಾಗುತ್ತದೆ. 'ಬಹಿಷ್ಕರಿಸಿರಲಿಲ್ಲ' ಎಂದಾಗ ಮಾತ್ರ ಸಾವಿನ ಕ್ಷಣಕ್ಕೆ ಅವನಿದ್ದ ಸ್ಥಿತಿ ನಿರ್ಧಾರವಾಗುತ್ತದೆ. ಕೃತಿಯ ಧರ್ಮಸಂಕಟ ನಿಂತಿರುವುದು ಈ ನಿಷೇಧ ಪೂರ್ವಭೂತದ ಮೇಲೆ.

ಇನ್ನೊಂದು ಕಡೆಯನ್ನೂ ನೋಡಬೇಕು. ಹೆಣವಿಟ್ಟುಕೊಂಡು ಬ್ರಾಹ್ಮಣರು ಉಪವಾಸವಿದ್ದು ಶಾಸ್ತ್ರಾರ್ಥಕ್ಕಾಗಿ ಅಲೆಯುತ್ತಿರುವಾಗ, ಚಂದ್ರಿ ಇರುಳಿನಲ್ಲಿ ಒಬ್ಬ ಮುಸಲ್ಮಾನನ ನೆರವಿನಿಂದ ಅದನ್ನು ಸುಡಿಸಿ ಊರು ಬಿಟ್ಟಾಗಿತ್ತು. ಓದುಗನಿಗೆ ಇದು ಗೊತ್ತು, ಅಗ್ರಹಾರಕ್ಕೆ ಗೊತ್ತಿಲ್ಲ. ಅವರ ಮುಂದಿನ ಎಲ್ಲ ಚರ್ಚೆಯೂ ಆಗಿಹೋದ ಕೆಲಸವೊಂದನ್ನು ಮಾಡುವುದು ಹೇಗೆಂಬ ಚರ್ಚೆ. 'ಸುಟ್ಟಾಗಿತ್ತು' ಎಂಬ ಮಾತಿನ ಒಳಗಿರುವ ಎರಡು ಹೊತ್ತುಗಳ ನಡುವೆ ವ್ಯಂಗ್ಯದ ಇಡೀ ಅವಕಾಶವಿದೆ. ಈ ಕಾದಂಬರಿಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆಯುವ ವಿಮರ್ಶಕ ಪ್ರತಿಯೊಂದು ಕ್ರಿಯೆಗೂ 'ಹ್ಯಾಡ್' ಹಚ್ಚಿದರೆ, ನಿಜವಾಗಿಯೂ ಅದು ಬೇಕಾದ ಈ ಎರಡು ಸ್ಥಳಗಳು ಜಂಗುಳಿಯಲ್ಲಿ ಕಾಣದಾಗುತ್ತವೆ. ಅತಿಬಳಕೆಯ ನಿಜವಾದ ನಷ್ಟ ಇದೇ. ಅಶುದ್ಧವೆನಿಸುವುದು ಅದರ ಮುಂದೆ ಸಣ್ಣ ಮಾತು.

ಇಂಗ್ಲಿಷಿನ ಒಳ್ಳೆಯ ಗದ್ಯಕಾರರು ಈ ರೂಪವನ್ನು ಎಷ್ಟು ಮಿತವಾಗಿ ವ್ಯಯಿಸುತ್ತಾರೆಂಬುದನ್ನು ಗಮನಿಸುವುದು ಉಪಯುಕ್ತ. ಜೇನ್ ಆಸ್ಟಿನ್ನಳ 'ಎಮ್ಮಾ' 1815ರ ಕಾದಂಬರಿ. ಅದರ ಮೊದಲ ಪುಟಗಳಲ್ಲಿ ನಾಯಕಿಯ ಇಪ್ಪತ್ತೊಂದು ವರ್ಷಗಳ ಬಾಳು, ತಾಯಿಯ ಮರಣ, ಮನೆಯಲ್ಲಿ ಹದಿನಾರು ವರ್ಷವಿದ್ದ ಶಿಕ್ಷಕಿಯ ಸಂಬಂಧ ಇವೆಲ್ಲ 'ಹ್ಯಾಡ್' ರೂಪದಲ್ಲಿ ಬರುತ್ತವೆ. ಆ ಶಿಕ್ಷಕಿಯ ಮದುವೆಯ ದಿನ ನೋಟದ ಹೊತ್ತು. ಆ ದಿನದ ಸಂಜೆಗೆ ನಮ್ಮನ್ನು ತಂದು ನಿಲ್ಲಿಸಿದ ಮೇಲೆ ಕಥನ ಸಾಮಾನ್ಯ ಭೂತದಲ್ಲಿ ಸಾಗುತ್ತದೆ. ದೀರ್ಘವಾದ ಹಿನ್ನೋಟವಿದ್ದಾಗ ಇಂಗ್ಲಿಷ್ ಲೇಖಕರು ಮೊದಲ ಒಂದೆರಡು ಕ್ರಿಯೆಗಳಿಗೆ ಮಾತ್ರ 'ಹ್ಯಾಡ್' ಹಚ್ಚಿ, ಓದುಗ ಹೊಸ್ತಿಲು ದಾಟಿದನೆಂದು ಖಚಿತವಾದೊಡನೆ ಸಾಮಾನ್ಯ ಭೂತಕ್ಕೆ ಇಳಿಯುವುದುಂಟು. 'ಆಫ್ಟರ್', 'ಬಿಫೋರ್' ಎಂಬ ಪದಗಳು ಕ್ರಮವನ್ನು ಹೇಳಿಬಿಟ್ಟರೆ ಆ ಹೊಸ್ತಿಲೂ ಬೇಕಾಗದು. ಕನ್ನಡಕ್ಕೆ ಅನುವಾದಿಸುವವರೂ ಇದನ್ನು ನೆನಪಿಡಬೇಕು. ಇಂಗ್ಲಿಷಿನಲ್ಲಿರುವ ಪ್ರತಿ 'ಹ್ಯಾಡ್'ಗೂ ಒಂದೊಂದು 'ಇದ್ದಳು' ಸಲ್ಲಿಸಿದರೆ ಕನ್ನಡ ಪುಟದ ತುಂಬ ದ್ವಿತ್ವ ದಕಾರದ ಗದ್ದಲವೇಳುತ್ತದೆ. ಮಾಡಿದಳು, ಮಾಡಿದ್ದಳು ಎಂಬೆರಡರ ನಡುವೆ ಇರುವುದು ಒಂದೇ ಒಂದು ಒತ್ತಕ್ಷರ. ಕರಡು ತಿದ್ದುವವರ ಕಣ್ತಪ್ಪಿನಿಂದ ಪೂರ್ವಭೂತ ಹುಟ್ಟುವುದೂ ಸಾಯುವುದೂ ನಮ್ಮಲ್ಲಿ ದಿನನಿತ್ಯದ ಸಂಗತಿ.

ಪರೋಕ್ಷ ಕಥನದ ವಿಷಯವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಕನ್ನಡದ 'ಎಂದು' ಹೇಳಿದವನ ಕಾಲವನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ, ಇಂಗ್ಲಿಷ್ ಅದನ್ನು ಒಂದು ಮೆಟ್ಟಿಲು ಹಿಂದಕ್ಕೆ ಸರಿಸುತ್ತದೆ ಎಂಬಷ್ಟು ಸಾಕು. ನಮಗೆ ಹೆಚ್ಚು ಮುಖ್ಯವಾಗಿ ಕಾಣುವುದು ಸಂಶೋಧನ ಪ್ರಬಂಧಗಳಲ್ಲಿ ಪೂರ್ವಸೂರಿಗಳ ಮಾತನ್ನು ಉಲ್ಲೇಖಿಸುವ ಬಗೆ. ಕನ್ನಡದಲ್ಲಿ ನಾವು ಬದುಕಿರುವವರಿಗೂ ಗತಿಸಿದವರಿಗೂ ಸಮಾನವಾಗಿ 'ಅಭಿಪ್ರಾಯಪಟ್ಟಿದ್ದಾರೆ' ಎನ್ನುತ್ತೇವೆ. ಬರೆದ ಮಾತು ಇನ್ನೂ ನಿಂತಿದೆ ಎಂಬುದು ಅದರ ಅರ್ಥ. ಇಂಗ್ಲಿಷ್ ಇಲ್ಲಿ ವರ್ತಮಾನವನ್ನೋ ಸಾಮಾನ್ಯ ಭೂತವನ್ನೋ ಬಯಸುತ್ತದೆ. ನಮ್ಮ ಸಾರಾಂಶಗಳಲ್ಲಾದರೋ ಅದು ಹೆಚ್ಚಾಗಿ 'ಹ್ಯಾಡ್ ಸೆಡ್', 'ಹ್ಯಾಡ್ ಒಪೈನ್ಡ್' ಎಂದು ಮೈದಾಳುತ್ತದೆ. ಓದಿದ ಇಂಗ್ಲಿಷ್ ಬಲ್ಲ ಪರೀಕ್ಷಕ ಅದರಿಂದ ತಿಳಿಯುವುದೇನು? ಆ ವಿದ್ವಾಂಸರು ಒಮ್ಮೆ ಹಾಗೆ ಹೇಳಿದ್ದರು, ಆಮೇಲೆ ಅದು ಬಿದ್ದುಹೋಯಿತು, ಅಥವಾ ಅವರೇ ಅದನ್ನು ಕೈಬಿಟ್ಟರು ಎಂದು. ಗಮನಿಸಿದರೆ ಕನ್ನಡದಲ್ಲಿಯೂ 'ಹೇಳಿದ್ದಾರೆ' ಎಂಬುದಕ್ಕೂ 'ಹೇಳಿದ್ದರು' ಎಂಬುದಕ್ಕೂ ಇದೇ ಅಂತರವುಂಟು. ಸ್ಥಿತಿ ತೀರಿತೆಂಬ ಧ್ವನಿ 'ಹೇಳಿದ್ದರು' ಎಂಬುದರಲ್ಲಿ ಸ್ಪಷ್ಟ. ಹೀಗೆ ನಮ್ಮ ಭಾಷೆಯಲ್ಲಿ ತಪ್ಪದ ವಿವೇಕ ಇಂಗ್ಲಿಷಿಗೆ ಹೋಗುವಾಗ ತಪ್ಪುತ್ತಿದೆ. ಯಾರೂ ನಿರಾಕರಿಸದ ಅಭಿಪ್ರಾಯ ನಿರಾಕೃತವೆಂಬಂತೆ ಗ್ರಂಥಾಲಯ ಸೇರುತ್ತಿದೆ.

ಈ ರೂಪ ನಿಜವಾಗಿಯೂ ಬೇಕಾಗುವ ಸಂದರ್ಭವೂ ಇದೇ ಕ್ಷೇತ್ರದಲ್ಲಿದೆ. ಆರ್. ನರಸಿಂಹಾಚಾರ್ಯರ 'ಕರ್ನಾಟಕ ಕವಿಚರಿತೆ'ಯ ಮೊದಲ ಸಂಪುಟ 1907ರಲ್ಲಿ ಬಂತು. ಮುಂದೆ ಅದು ಪರಿಷ್ಕಾರಗೊಂಡು ಮತ್ತೆ ಅಚ್ಚಾಯಿತು. ಸಂಶೋಧಕನ ಕೈಯಲ್ಲಿ ಯಾವ ಆವೃತ್ತಿಯಿದೆ ಎಂಬುದರ ಮೇಲೆ ಅವನ ಕ್ರಿಯಾಪದ ನಿಲ್ಲಬೇಕು. ಮೊದಲ ಆವೃತ್ತಿಯಲ್ಲಿ ಒಬ್ಬ ಕವಿಗೆ ಕೊಟ್ಟ ಕಾಲ ಪರಿಷ್ಕೃತ ಆವೃತ್ತಿಯಲ್ಲಿ ಬದಲಾಗಿದ್ದರೆ, 1907ರ ಮಾತಿಗೆ 'ಹ್ಯಾಡ್' ಹಚ್ಚುವುದು ನ್ಯಾಯ, ಅವಶ್ಯ ಕೂಡ. ತಿದ್ದುಪಡಿಗೆ ಸಾಮಾನ್ಯ ಭೂತ ಸಾಕು. ಎರಡೂ ಆವೃತ್ತಿಗಳಲ್ಲಿ ಕಾಲ ಒಂದೇ ಆಗಿದ್ದರೆ 'ಹ್ಯಾಡ್' ಬೇಡ. ಎರಡನ್ನೂ ತೆರೆದು ನೋಡದೆ ಆ ಪದವನ್ನು ಬರೆಯಲು ಬಾರದು.